ಮಂಡಿನೋವಿನ ಅಮ್ಮನಿಗೂ ಗಿರಿ ತೋರಿಸಿ

‘ನೀನು ಕಾರಿನಲ್ಲೇ ಇರಮ್ಮ, ಹತ್ತು ನಿಮಿಷದಲ್ಲಿ ಬಂದುಬಿಡುತ್ತೇವೆ.’ ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದಲ್ಲಿ ಹೀಗೆಂದು ಹೋದವರು ಮರಳಿದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟೂ ಹೊತ್ತು ಅಮ್ಮನಿಗೆ ಕಂಡದ್ದು ಮುಂದಿದ್ದ ಜೀಪಿನ ಬೆನ್ನು. ಸುಮಾರು 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಕರೆದೊಯ್ದು ನಾವು ತೋರಿಸಿದ್ದು ಅದನ್ನು. ಮುಂದಿನ ಸಲ ಶಿಖರವನ್ನು ಬಿಟ್ಟು ಕಾರಿನ ಕಿಟಕಿಯಿಂದ ಲೆಕ್ಕ ಶುರುಮಾಡಿದೆವು.

ಮೊದಲು ಕಾಲ ನೋಡಿಕೊಳ್ಳಿ. ಮಳೆಗಾಲದಲ್ಲಿ ಗಿರಿಯ ಮೇಲೆ ಮಂಜು ಬಿಟ್ಟರೆ ಬೇರೇನೂ ಕಾಣದ ದಿನಗಳೇ ಹೆಚ್ಚು. ಅಕ್ಟೋಬರ್ ಕಳೆದ ಮೇಲಿನ ಬೆಳಗುಗಳು ಒಳ್ಳೆಯವು. ಶನಿವಾರ, ಭಾನುವಾರ ಬೇಡವೇ ಬೇಡ. ವಾಹನಗಳಿಗೆ ಮಿತಿ ಇರುವುದರಿಂದ ಆನ್‌ಲೈನ್ ನೋಂದಣಿಯ ನಿಯಮವನ್ನು ಹೊರಡುವ ಮುನ್ನ ವಿಚಾರಿಸಿ. ಶೌಚಾಲಯದ ಕೆಲಸ ಚಿಕ್ಕಮಗಳೂರಿನಲ್ಲೇ ಮುಗಿಯಲಿ.

ಕಾರಿನ ಸೀಟು ಕೂರುವವರ ಮಂಡಿಗಿಂತ ತುಸು ಮೇಲಿರಬೇಕು. ತೀರಾ ತಗ್ಗಾದರೆ ಏಳುವುದು ಕಷ್ಟ, ಎತ್ತರದ ಜೀಪಾದರೆ ಹತ್ತುವುದು ಕಷ್ಟ. ಸೀಟಿನ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿ, ಅಮ್ಮ ಮೊದಲು ಹೊರಮುಖವಾಗಿ ಅಂಚಿನಲ್ಲಿ ಕೂರಲಿ. ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿ ಒಳಕ್ಕೆ ತಿರುಗಿಸಿದರೆ ಮೈ ಸಲೀಸಾಗಿ ಜಾರುತ್ತದೆ. ಹೊರಡುವ ಮುನ್ನ ಚೀಲವನ್ನು ಎಳೆದು ತೆಗೆಯಿರಿ, ಇಲ್ಲವಾದರೆ ತಿರುವುಗಳಲ್ಲೂ ಜಾರುತ್ತದೆ! ಗಾಲಿಕುರ್ಚಿ ಮಡಚುವಂಥದ್ದಿರಲಿ.

ಗಿರಿಯ ದಾರಿಯ ತಪಾಸಣಾ ಠಾಣೆಯಿರುವ ಕೈಮರ ದಾಟಿದ ಮೇಲೆ ಅವಸರ ಬೇಡ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು ಮುಗಿದು ಹುಲ್ಲುಗುಡ್ಡ ಶುರುವಾಗುತ್ತದೆ. ಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಮಾತ್ರ ಶೋಲಾ ಎನ್ನುವ ಕುಳ್ಳು ಮರಗಳ ದಟ್ಟ ಕಾಡು. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ಇರುವುದು ಇದೇ ಸಾಲಿನ ಗಿರಿಗೆ. ಬೇಸಿಗೆಯ ಮೊದಲ ಮಳೆ ಬಿದ್ದು ಕಾಫಿ ಹೂವಾದ ವಾರವಾದರೆ ಕಿಟಕಿ ಇಳಿಸಿ, ಎಂಜಿನ್ ಆರಿಸಿ. ಮಲ್ಲಿಗೆಯಂಥ ಆ ಘಮಕ್ಕೆ ಕಾರಿನಿಂದ ಇಳಿಯಲೂ ಬೇಕಾಗಿಲ್ಲ.

ಹತ್ತುವಾಗ ಗುಡ್ಡದ ಗೋಡೆಯೇ ಕಂಡರೆ ಬೇಸರ ಬೇಡ, ಇಳಿಯುವಾಗ ಅದೇ ಕಿಟಕಿಗೆ ಕಣಿವೆ ಬರುತ್ತದೆ. ನಿಲ್ಲುವ ಕಡೆಗಳಲ್ಲಿ ಗಾಳಿ ಜೋರು. ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಹಿಂದಿನಿಂದ ಬೀಸಿದರೆ ತೆರೆದ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಎದುರುಗಾಳಿಯಲ್ಲಿ ಅದು ಮುಚ್ಚಿಕೊಳ್ಳಲು ನೋಡುತ್ತದೆ, ಆದ್ದರಿಂದ ಒಬ್ಬರು ಹಿಡಿದೇ ಇರಬೇಕು. ಕುರ್ಚಿಯ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ.

ಮೆಟ್ಟಿಲು ಹತ್ತುವ ಆಸೆಯಿದ್ದವರು ಎರಡು ತಂಡವಾಗಿ ಹೋಗಿಬನ್ನಿ. ಕಾರಿನಲ್ಲಿ ಅಮ್ಮನೊಬ್ಬರನ್ನೇ ಬಿಡಬೇಡಿ. ಎಲ್ಲರೂ ಕೆಳಗೇ ಕುಳಿತು ಫ್ಲಾಸ್ಕಿನ ಕಾಫಿ ಕುಡಿದರೂ ನಷ್ಟವಿಲ್ಲ.

ಮಳೆಗಾಲದಲ್ಲೇ ಹೋಗಬೇಕೆಂದರೆ ಚಾರ್ಮಾಡಿ ಘಾಟಿ ಇದೆ. ರಸ್ತೆಯ ಬದಿಗೇ ನೀರು ಧುಮುಕುತ್ತದೆ. ಗುಡ್ಡ ಕುಸಿದಿಲ್ಲವೆಂದು ಕೇಳಿಕೊಂಡು, ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಿರಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬ್ರೇಕ್ ಸುಟ್ಟ ವಾಸನೆ ಬಂದರೆ ಜಾಗವಿರುವಲ್ಲಿ ಅರ್ಧ ಗಂಟೆ ನಿಲ್ಲಿ. ಅಮ್ಮ ಅಷ್ಟು ಹೊತ್ತು ಕಣಿವೆ ನೋಡಿಕೊಳ್ಳಲಿ.