ರಸ್ತೆಗೆ ಜಮೀನು ಪಡೆಯುವಾಗ ಮಾಲೀಕರೊಂದಿಗೆ ವ್ಯವಹರಿಸುವುದು ಹೇಗೆ?

ಬೈಪಾಸ್ ಇರಲಿ, ರೈಲು ಮಾರ್ಗವಿರಲಿ, ನಾಲೆಯಿರಲಿ, ಕಾಮಗಾರಿ ನಿಂತಿತೆಂದರೆ ಮಾಲೀಕರು ಹೆಚ್ಚು ದರ ಕೇಳುತ್ತಿದ್ದಾರೆ ಎಂಬ ಮಾತು ಕಚೇರಿಗಳಲ್ಲಿ ತಾನಾಗಿ ಬರುತ್ತದೆ. ಭೂಸ್ವಾಧೀನದ ಕಡತಗಳ ನಡುವೆ ಹಲವು ವರ್ಷ ಕಳೆದ ನನಗೆ ಕಂಡದ್ದು ಬೇರೆ: ದರದ ತಕರಾರಿಗಿಂತ, ಪಹಣಿಯಲ್ಲಿರುವ ಹೆಸರು ಮತ್ತು ಉಳುಮೆ ಮಾಡುವವರ ಹೆಸರು ಹೊಂದದೆ ಪರಿಹಾರ ನಿಂತುಹೋದ ಪ್ರಕರಣಗಳೇ ಹೆಚ್ಚು. ಈ ಕೆಲಸಕ್ಕೆ ಹೊಸದಾಗಿ ಬರುವ ಎಂಜಿನಿಯರ್‌ಗಳು ಹಾಗೂ ಕಂದಾಯ, ಸರ್ವೆ ಸಿಬ್ಬಂದಿ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ದಾಖಲೆ. ಊರಿಗೆ ಹೋಗುವ ಮುನ್ನವೇ ಪ್ರತಿ ಸರ್ವೆ ನಂಬರಿನ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಋಣಭಾರ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಅಂಥವರ ಪಟ್ಟಿ ಮಾಡಿ, ವಂಶವೃಕ್ಷ ತರಿಸಿ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲು ಗ್ರಾಮ ಆಡಳಿತಾಧಿಕಾರಿಯ ನೆರವು ಕೊಡಿಸಬೇಕು. 2013ರ ಭೂಸ್ವಾಧೀನ ಕಾಯಿದೆಯೂ ಪ್ರಾಥಮಿಕ ಅಧಿಸೂಚನೆಯಾದ ಎರಡು ತಿಂಗಳೊಳಗೆ ದಾಖಲೆಗಳನ್ನು ಪರಿಷ್ಕರಿಸಬೇಕೆಂದು ಹೇಳುತ್ತದೆ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಲೇಬಾರದು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೂ ಸಮಪಾಲಿದೆ. ಅವರನ್ನು ಬಿಟ್ಟು ಹಣ ಹಂಚಲು ಹೊರಟರೆ ದಾವೆ ಹೂಡಲ್ಪಟ್ಟು ಪರಿಹಾರವೆಲ್ಲ ಭೂಸ್ವಾಧೀನದ ವ್ಯಾಜ್ಯಗಳನ್ನು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕುಳಿತುಬಿಡುತ್ತದೆ.

ನಂತರ ಊರಿನ ಸಭೆ. ಕೊಯ್ಲಿನ ದಿನಗಳನ್ನು ಬಿಟ್ಟು, ಜನ ಹೊಲದಿಂದ ಮರಳಿದ ಮೇಲೆ ಸೇರುವುದು ಒಳ್ಳೆಯದು. ಸರ್ವೆ ನಂಬರು ಸ್ಪಷ್ಟವಾಗಿ ಕಾಣುವ ನಕ್ಷೆಯನ್ನು ಗೋಡೆಗೆ ಹಾಕಿ, ಯಾರ ಜಮೀನು ಎಷ್ಟು ಗುಂಟೆ ಹೋಗುತ್ತದೆ ಎಂಬುದನ್ನು ಹೇಳಬೇಕು. ಆಕ್ಷೇಪಣೆಗೆ 2013ರ ಕಾಯಿದೆಯಲ್ಲಿ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಕೇವಲ 21 ದಿನ ಅವಕಾಶವಿದೆ ಎಂಬುದನ್ನು ಬರೆದೇ ಕೊಡಬೇಕು. ಆದರೆ ದರದ ಬಗ್ಗೆ ಬಾಯಿಮಾತಿನ ಭರವಸೆ ಕೊಡಲೇಬಾರದು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲಾಖೆಯವರು ಮತ್ತು ಮಾಲೀಕರು ಒಟ್ಟಿಗೆ ನಿಂತು ಮಾಡುವ ಜಂಟಿ ಅಳತೆಗೆ. ತುಮಕೂರು ಕಡೆಯ ತೆಂಗಿನ ತೋಟವೊಂದರಲ್ಲಿ ನಾವು ಕಲ್ಲು ನೆಟ್ಟು, ಮರಗಳನ್ನು ಎಣಿಸಿ, ಮಹಜರಿಗೆ (ಸ್ಥಳದಲ್ಲಿ ಕಂಡದ್ದನ್ನು ಬರೆದ ದಾಖಲೆಗೆ) ಸಹಿ ಹಾಕಿಸಲು ಕುಳಿತಿದ್ದೆವು. ಅಲ್ಲಿಯವರೆಗೆ ಸುಮ್ಮನಿದ್ದ ಮನೆಯ ಅಜ್ಜಿ, "ಬೋರು ಆಕಡೆ ಉಳೀತು ಸ್ವಾಮಿ, ನೀರು ಈಕಡೆ ತೋಟಕ್ಕೆ ಹೆಂಗೆ ಬರ್ತದೆ?" ಎಂದು ಕೇಳಿದರು. ಕೊಳವೆಬಾವಿ ರಸ್ತೆಯ ಗಡಿಯೊಳಗೆ ಬಂದಿರಲಿಲ್ಲವಾದ್ದರಿಂದ ನಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ನೆಲದಡಿಯ ಪೈಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಸ್ತೆಯ ವಿನ್ಯಾಸದಲ್ಲೇ ಅಡ್ಡಕ್ಕೆ ಒಂದು ದೊಡ್ಡ ಕೊಳವೆ ಸೇರಿಸಿದ್ದರಿಂದ ತೋಟ ಉಳಿಯಿತು. ಡಾಂಬರು ಬಿದ್ದ ಮೇಲೆ ಕೇಳಿದ್ದರೆ ಅದು ಆಗುವ ಕೆಲಸವಾಗಿರಲಿಲ್ಲ. ಆದ್ದರಿಂದ ಅಳತೆಯ ದಿನ ಮನೆಯವರೆಲ್ಲರನ್ನೂ ಕರೆಯಿರಿ, ಬದುವಿನ ಸಸಿಗಳನ್ನೂ ಪೈಪುಗಳನ್ನೂ ದನದ ದಾರಿಯನ್ನೂ ಬರೆದುಕೊಳ್ಳಿರಿ, ಮಹಜರನ್ನು ಗಟ್ಟಿಯಾಗಿ ಓದಿ ಹೇಳಿ, ಅದರ ಒಂದು ಪ್ರತಿಯನ್ನು ಅಲ್ಲಿಯೇ ಅವರ ಕೈಗೆ ಕೊಡಿರಿ.

ಪರಿಹಾರದ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಬೇಕು. ಮಾರ್ಗಸೂಚಿ ದರ (ನೋಂದಣಿಗಾಗಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಮತ್ತು ಹಿಂದಿನ ಮೂರು ವರ್ಷಗಳ ಆಸುಪಾಸಿನ ಕ್ರಯಪತ್ರಗಳ ಪೈಕಿ ಹೆಚ್ಚು ಬೆಲೆ ನಮೂದಾದ ಅರ್ಧದಷ್ಟು ಪತ್ರಗಳ ಸರಾಸರಿ ಬೆಲೆ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಮಾರುಕಟ್ಟೆ ಬೆಲೆ ಎಂದು ಹಿಡಿಯುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಲಾಗುತ್ತದೆ. ಉದಾಹರಣೆಗೆ ಎಕರೆಗೆ 20 ಲಕ್ಷ ರೂಪಾಯಿ, ಗುಣಕ 1.5 ಎಂದಾದರೆ 30 ಲಕ್ಷ. ಮರ, ಬಾವಿಗಳಿಗೆ 4 ಲಕ್ಷ ಸೇರಿ 34 ಲಕ್ಷ. ಅದರ ಮೇಲೆ ಶೇ 100ರಷ್ಟು ಸಾಂತ್ವನ ಧನ ಸೇರಿ 68 ಲಕ್ಷ ರೂಪಾಯಿ. ಇದಲ್ಲದೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತವೂ ಇದೆ. 2015ರ ಜನವರಿ 1ರಿಂದ ರಾಷ್ಟ್ರೀಯ ಹೆದ್ದಾರಿಗೆ ಪಡೆಯುವ ಜಮೀನಿಗೂ ಪರಿಹಾರವನ್ನು 2013ರ ಕಾಯಿದೆಯಂತೆಯೇ ನಿಗದಿ ಮಾಡಬೇಕು.

ಜಮೀನು ಎರಡು ತುಂಡಾದಾಗ ಉಳಿದ ಭಾಗಕ್ಕೆ ಆಗುವ ನಷ್ಟವನ್ನೂ ಪರಿಹಾರದಲ್ಲಿ ಪರಿಗಣಿಸಬೇಕು. ಮನೆಯ ಮುಂಭಾಗವಷ್ಟೇ ಹೋಗುವಲ್ಲಿ, ಇಡೀ ಕಟ್ಟಡವನ್ನೇ ಪಡೆಯಿರಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ. ಇದನ್ನು ಅವರು ಕೇಳಲಿ ಎಂದು ಕಾಯದೆ ನಾವೇ ತಿಳಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಐತೀರ್ಪಿನ (ಪರಿಹಾರ ನಿಗದಿ ಮಾಡುವ ಅಧಿಕಾರಿಯ ಆದೇಶದ) ಮೊತ್ತ ಸಾಲದೆಂದು ಅನಿಸಿದವರಿಗೆ, ಆಕ್ಷೇಪವನ್ನು ಬರೆದು ಹಣ ಪಡೆಯುವ ದಾರಿಯಿದೆ ಎಂಬುದನ್ನೂ ಹೇಳಬೇಕು. ಹಾಗೆ ಬರೆಯದೆ ಹಣ ಪಡೆದರೆ, ಹೆಚ್ಚಿನ ಪರಿಹಾರಕ್ಕಾಗಿ ಪ್ರಕರಣವನ್ನು ಪ್ರಾಧಿಕಾರಕ್ಕೆ ಕಳುಹಿಸಿರಿ ಎಂದು ಕೇಳುವ ಅವಕಾಶ 2013ರ ಕಾಯಿದೆಯಡಿ ತಪ್ಪಿಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಕರಣಗಳಲ್ಲಿ ಅರ್ಜಿ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ.

ಕೊನೆಯದು ಸ್ವಾಧೀನ. ಹಣ ಖಾತೆಗೆ ಬಿದ್ದ ಮೇಲೆಯೇ ಯಂತ್ರ ಇಳಿಯಬೇಕು; ತೆನೆ ಬಲಿತ ರಾಗಿ ಹೊಲವಾದರೆ ಕೊಯ್ಲಿಗೆ ಕೆಲವು ದಿನ ಬಿಡುವುದರಿಂದ ಕಾಮಗಾರಿಗೆ ನಷ್ಟವಿಲ್ಲ. ಹೋದ ಗುಂಟೆಗಳನ್ನು ಕಳೆದು, ಉಳಿದ ಜಮೀನಿಗೆ ಪೋಡಿ (ಸರ್ವೆ ನಂಬರನ್ನು ವಿಭಜಿಸಿ ಪ್ರತ್ಯೇಕಿಸುವುದು) ಮಾಡಿಸಿ, ಹೊಸ ಪಹಣಿಯನ್ನು ಮಾಲೀಕರ ಕೈಗೆ ಕೊಟ್ಟ ಮೇಲೆಯೇ ಕಡತವನ್ನು ಮುಚ್ಚಬೇಕು, ಏಕೆಂದರೆ ಮುಂದಿನ ಬೆಳೆ ಸಾಲಕ್ಕೆ ಅವರು ಬ್ಯಾಂಕಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.