ಹಳೆಯ ನುಡಿ ಕಡತ ಇ-ಆಫೀಸಿನಲ್ಲಿ ಓದಲಾಗದಿದ್ದಾಗ

ನಮ್ಮ ಇಲಾಖೆಯ ಹಳೆಯ ನಡಾವಳಿಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಆಸ್ಕಿ (ASCII) ಫಾಂಟಿನಲ್ಲಿ ಬೆರಳಚ್ಚಾದವು. ಅವುಗಳ ಪಠ್ಯವನ್ನು ಸರ್ಕಾರಿ ಕಡತಗಳನ್ನು ಗಣಕದಲ್ಲೇ ನಿರ್ವಹಿಸುವ ಇ-ಆಫೀಸ್ ವ್ಯವಸ್ಥೆಯ ಟಿಪ್ಪಣಿಗೆ ಅಂಟಿಸಿದರೆ ಕನ್ನಡವೇ ಮಾಯ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಕಡತ ಕೆಟ್ಟಿದೆಯೆಂದು ವಿಷಯ ನಿರ್ವಾಹಕರು ಮತ್ತೆ ಟೈಪ್ ಮಾಡಲು ಕೂತಿದ್ದರು.

ಕಡತ ಕೆಟ್ಟಿರಲಿಲ್ಲ. ಆಸ್ಕಿ ವಿಧಾನದಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೇ. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಾದರೆ ಕನ್ನಡಕ್ಕೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ.

ಮೂಲದ ಪ್ರತಿ ತೆಗೆದಿಟ್ಟು, ಪರಿವರ್ತಕದಲ್ಲಿ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸಿದೆ. ನಡುವೆ ಇದ್ದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾದವು. ಅವನ್ನು ಮೊದಲೇ ಬೇರ್ಪಡಿಸಿ, ಕನ್ನಡ ಭಾಗವನ್ನಷ್ಟೇ ಪರಿವರ್ತಿಸಬೇಕಾಯಿತು. ಮುಖ್ಯವಾಗಿ ಅರ್ಕಾವತ್ತು ನೋಡಿಕೊಳ್ಳಿ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು. ಹಾಗಾಗಿ ‘ಕಾರ್ಯದರ್ಶಿ’, ‘ವರ್ಗಾವಣೆ’ಯಂಥ ಪದಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಜನರ ಹೆಸರು, ಸರ್ವೆ ನಂಬರುಗಳನ್ನಂತೂ ಯಂತ್ರಕ್ಕೆ ಬಿಡಲೇಬಾರದು.

ಈಗ ಅರ್ಜಿದಾರರ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿದರೂ ಆದೇಶ ಸಿಗುತ್ತದೆ. ಹೊಸ ಪತ್ರಗಳಿಗಾಗಿ ಶಾಖೆಯ ಎಲ್ಲ ಗಣಕಗಳಲ್ಲೂ ಕೀಲಿಮಣೆಯನ್ನು ಯುನಿಕೋಡ್‌ಗೆ ಹೊಂದಿಸಿದ್ದೇನೆ.