ಹೆಸರು ಮುಚ್ಚಿದ ಮೇಲೆ ಉಳಿದ ಹೊಳಪು

ಬೇರೆ ಬೇರೆ ವ್ಯಾಕ್ಸ್ ಹಚ್ಚಿ ಹೋಲಿಸಿ ನೋಡೋಕೆ ಗುಜರಿಯಿಂದ ಸಾವಿರದ ಇನ್ನೂರಕ್ಕೆ ಕಾರಿನ ಒಂದು ಕಪ್ಪು ಬಾನೆಟ್ ತಂದು ಅಂಗಡಿಯಲ್ಲಿ ಒರಗಿಸಿದಾಗ ಪಕ್ಕದ ಪೇಂಟ್ ಅಂಗಡಿಯವರು, "ಗಿರಾಕಿ ನೋಡೋದು ಡಬ್ಬಿ ರೀ, ಬಾನೆಟ್ ಅಲ್ಲ" ಅಂದಿದ್ದರು. ಈಗ ಅವರೇ ನನ್ನ ಹತ್ತಿರ ಗಿರಾಕಿ ಕಳಿಸುತ್ತಾರೆ.

ಹುಬ್ಬಳ್ಳಿಯಲ್ಲಿ ಕಾರಿಗೆ ವ್ಯಾಕ್ಸ್ ಹಾಕಿ ಹೊಳಪು ಕೊಡುವ ಈ ಕೆಲಸ ಶುರುಮಾಡಿ ಹನ್ನೊಂದು ವರ್ಷ. ವ್ಯಾಕ್ಸ್‌ಗೇ ತಿಂಗಳಿಗೆ ಎಂಟು-ಒಂಬತ್ತು ಸಾವಿರ ಹೋಗುತ್ತಿತ್ತು. ಡಬ್ಬಿ ಮೇಲೆ ಕಾರ್ನೌಬಾ (ಒಂದು ಮರದ ಮೇಣ), ಸೆರಾಮಿಕ್ (ಸಿಲಿಕಾ ಬೆರೆತ ಲೇಪ), 9ಎಚ್ (ಗಟ್ಟಿತನದ ಅಳತೆ) ಅಂತ ಇದ್ದರೆ ಮಾತ್ರ ಗಿರಾಕಿ ದರ ಒಪ್ಪುತ್ತಿದ್ದರು.

ಮೊದಲ ಸಲ ಬಾನೆಟ್‌ಗೆ ಟೇಪ್ ಹಚ್ಚಿ ನಾಲ್ಕು ಚೌಕ ಮಾಡಿ, ನಾಲ್ಕು ವ್ಯಾಕ್ಸ್ ಹಾಕಿ, ಟೇಪ್ ಮೇಲೆ ಹೆಸರು ಬರೆದೆ. ಬಂದವರಲ್ಲಿ ಮುಕ್ಕಾಲು ಪಾಲು ಜನ ಹೆಚ್ಚು ಹೊಳಪು ಅಂತ 3,800 ರೂಪಾಯಿಯದ್ದನ್ನೇ ತೋರಿಸಿದರು. ಅಲ್ಲಿಗೇ ಬಿಡಲಿಲ್ಲ. ಎಲ್ಲ ಒರೆಸಿ, ನಾಲ್ಕೂ ಚೌಕಕ್ಕೆ ಒಂದೇ ವ್ಯಾಕ್ಸ್ ಹಾಕಿದೆ. ಹೆಸರು ಮಾತ್ರ ಹಾಗೇ ಬಿಟ್ಟೆ. ಆಗಲೂ ಅದೇ ಚೌಕ! "ಇದರ ಆಳಾನೇ ಬೇರೆ" ಅಂತ ಒಬ್ಬರು ಬಗ್ಗಿ ಬಗ್ಗಿ ನೋಡಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಹೆಸರು ತೆಗೆದು ನಂಬರ್ ಬರೆದೆ. ಅದೂ ಕೆಟ್ಟಿತು. ದುಬಾರಿ ವ್ಯಾಕ್ಸ್‌ಗೆ ಬಾಳೆಹಣ್ಣಿನ ವಾಸನೆ. ನನ್ನ ಹುಡುಗ ದೂರದಿಂದಲೇ, "ಅಣ್ಣಾ, ಎರಡನೇದು ಅದೇ" ಅಂದ. ಮತ್ತೊಂದು ಸಲ ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಕ್ಲೇ ಸರಿಯಾಗಿ ಹೊಡೆಯದೆ ಒಂದು ಮೂಲೆ ಮಂಕಾಗಿ, ಒಳ್ಳೆಯ ವ್ಯಾಕ್ಸೇ ಸೋತಿತು. ಎರಡು ತಿಂಗಳು, ಹತ್ತಿರ ಹತ್ತಿರ ಆರು ಸಾವಿರ ನೀರಿಗೆ ಹೋಯಿತು. ವಾಸನೆ ಹೇಗೆ ಅಡಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಈ ನಡುವೆ ಕಾರ್ನೌಬಾ ಚಕ್ಕೆಯನ್ನೇ ಕಾಲು ಕೆಜಿ ತರಿಸಿದೆ. ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಲ್ಲಿ ಸಿಗುವ ಮೇಣ ಅದು. 80 ಡಿಗ್ರಿ ದಾಟಿದ ಮೇಲೇ ಕರಗೋದು. ಆರಿದರೆ ಉಗುರು ಇಳಿಯಲ್ಲ, ಒತ್ತಿದರೆ ಚೂರು ಚೂರು. ಅದನ್ನು ಹಾಗೇ ಬಾನೆಟ್ ಮೇಲೆ ಎಳೆಯೋಕೆ ಆಗಲ್ಲ. ಎಣ್ಣೆ, ಸಾಲ್ವೆಂಟ್ (ಮೇಣ ಕರಗಿಸುವ ದ್ರವ) ಸೇರಲೇಬೇಕು. ಹಾಗಾಗಿ ಡಬ್ಬಿ ಮೇಲೆ '100% ಕಾರ್ನೌಬಾ' ಅಂತಿದ್ದರೆ ಒಳಗಿನ ಮೇಣದ ಪಾಲಿಗೆ ಮಾತ್ರ ಆ ಮಾತು, ಇಡೀ ಡಬ್ಬಿಗಲ್ಲ. 9ಎಚ್ ಕೂಡ ಪೆನ್ಸಿಲ್‌ನಿಂದ ಗೀರಿ ನೋಡುವ ಅಳತೆ. ಕಲ್ಲು ಬಡಿದರೆ ತಡೆಯುತ್ತೆ ಅಂತಲ್ಲ.

ಕೊನೆಗೆ ವಾಸನೆ ಇಲ್ಲ, ಹೆಸರಿಲ್ಲ, ನಾಲ್ಕು ಅಡಿ ದೂರದಿಂದ ಟ್ಯೂಬ್‌ಲೈಟ್ ಬೆಳಕು. ಸುಮಾರು ನಲವತ್ತು ಜನರಿಗೆ ತೋರಿಸಿದೆ. ಉತ್ತರ ನಾಲ್ಕೂ ಚೌಕಕ್ಕೆ ಹಂಚಿಹೋಯಿತು. ಐದಾರು ವಾಶ್ ಆದ ಮೇಲೆ 480 ರೂಪಾಯಿಯದ್ದಕ್ಕೂ 3,800ರದ್ದಕ್ಕೂ ನನಗೇ ವ್ಯತ್ಯಾಸ ಕಾಣಲಿಲ್ಲ. ಸೆರಾಮಿಕ್ ಅಂತ ಬರೆದದ್ದರ ಮೇಲೆ ನೀರು ಮುತ್ತಿನ ಹಾಗೆ ನಿಲ್ಲುತ್ತಿತ್ತು, ನಿಜ. ಆದರೆ ನಮ್ಮ ಬೋರ್ ನೀರಿನ ಮುತ್ತು ಬಿಸಿಲಿಗೆ ಒಣಗಿದರೆ ಬಿಳಿ ಕಲೆ ಅಲ್ವಾ? ಒರೆಸುವ ಕೆಲಸ ಅದಕ್ಕೇ ಜಾಸ್ತಿ.

ಈಗ ವ್ಯಾಕ್ಸ್ ಖರ್ಚು ತಿಂಗಳಿಗೆ ಮೂರೂವರೆ ಸಾವಿರದ ಒಳಗೆ. ಗಿರಾಕಿಗೆ ದರವನ್ನೂ ಇಳಿಸಿದ್ದೇನೆ. ಮೊನ್ನೆ ಡಾಕ್ಟರ್ ಒಬ್ಬರು ಬಂದು ಸೆರಾಮಿಕ್ಕೇ ಬೇಕು ಅಂದರು. ಬಾನೆಟ್ ಮುಂದೆ ನಿಲ್ಲಿಸಿದೆ. ಹೋಗಿ ಬಂದು ನೋಡಿದರು, ಬೆರಳಿಂದ ನೀರು ಚಿಮುಕಿಸಿದರು. "ಮೂರನೇದು ಹಾಕ್ರಿ" ಅಂದರು. 480ರ ಡಬ್ಬಿ ತೆಗೆದು ಅವರ ಕೈಗೇ ಕೊಟ್ಟೆ.